ನಾಲ್ಕಡಿ ಎಂಬ ನೀರುಗಂಟಿ

ಅವನ ಸಾಮ್ರಾಜ್ಯದ ಉದ್ದ ಹದಿನಾಲ್ಕು ಮೈಲಿ, ಅಗಲ ಎಂಟು ಅಡಿ. ಇಷ್ಟು ಉದ್ದದ, ಇಷ್ಟು ಸಪೂರದ ರಾಜ್ಯವನ್ನು ಆಳಿದ ದೊರೆ ಬೇರೊಬ್ಬನಿರಲಾರ. ಪೂರ್ವದ ಗಡಿ ದೊಡ್ಡ ನಾಲೆಯ ಮುಖ್ಯ ತೂಬು. ಪಶ್ಚಿಮದ ಗಡಿ ಕೊನೆಯ ಊರು, ಅಲ್ಲಿಗೆ ನೀರು ತಲುಪಿದರೆ ಜನ ಮಕ್ಕಳನ್ನು ಎಬ್ಬಿಸಿ ತೋರಿಸುತ್ತಿದ್ದರು. ನಡುವೆ ಅರವತ್ತೆರಡು ಮರಿ ತೂಬುಗಳು, ಮೂರು ಸೇತುವೆಗಳು, ಲೆಕ್ಕವಿಲ್ಲದಷ್ಟು ಎಮ್ಮೆಗಳು. ಕಿರೀಟವೆಂದರೆ ನೀರಾವರಿ ಇಲಾಖೆ ಕೊಟ್ಟ ಖಾಕಿ ಟೋಪಿ. ರಾಜದಂಡವೆಂದರೆ ತೂಬಿನ ಗೇಟನ್ನು ಏರಿಸಿ ಇಳಿಸುವ ಮೊಳದುದ್ದದ ಕಬ್ಬಿಣದ ಹಿಡಿಕೆ. ಚತುರಂಗ ಸೈನ್ಯವೆಂದರೆ ಬೆಲ್ಲಿಲ್ಲದ ಒಂದು ಸೈಕಲ್ಲು. ಹುದ್ದೆಯ ಹೆಸರು ನೀರುಗಂಟಿ. ಜನ ಇಟ್ಟ ಹೆಸರು ನಾಲ್ಕಡಿ.

ಆ ಹೆಸರು ಬಂದದ್ದು ಅವನ ಎತ್ತರದಿಂದಲ್ಲ, ಆಳು ಐದೂಮುಕ್ಕಾಲು ಅಡಿ ಇದ್ದ. ಮುಖ್ಯ ತೂಬಿನ ಕೆಳಗೆ, ನಾಲೆಯ ಕಲ್ಲಿನ ಗೋಡೆಗೆ ಒಂದು ಕಬ್ಬಿಣದ ಪಟ್ಟಿ ಬಡಿದಿತ್ತು. ನಾಲೆಯ ತಳದಲ್ಲಿ ಸೊನ್ನೆ, ಅಲ್ಲಿಂದ ಮೇಲಕ್ಕೆ ಒಂದು, ಎರಡು, ಮೂರು, ನಾಲ್ಕು, ಐದು ಎಂದು ಅಡಿಯ ಗುರುತು. ನೀರು ನಾಲ್ಕಕ್ಕೆ ನಿಂತರೆ ನಾಲೆ ತುಂಬಿ ಹರಿಯುತ್ತಿದೆ, ಹದಿನಾಲ್ಕನೇ ಮೈಲಿಯ ಗದ್ದೆಗೂ ಪಾಲು ಮುಟ್ಟುತ್ತದೆ ಎಂದು ಇಲಾಖೆಯ ಲೆಕ್ಕ. ನೀರಿನ ಸರದಿ ಇದ್ದಷ್ಟು ದಿನವೂ ಬೆಳಿಗ್ಗೆ ಆರೂವರೆಗೆ ಅವನು ಪಟ್ಟಿಯೆದುರು ನಿಂತು, ಗೇಟು ಸರಿಮಾಡಿ, ಕಚೇರಿಗೆ ಫೋನು ಮಾಡುತ್ತಿದ್ದ. "ನಾಲ್ಕಡಿ ಸಾರ್." ಆ ಕಡೆಯಿಂದ "ಹ್ಞೂಂ" ಎಂದು ಕೇಳಿಸುತ್ತಿತ್ತು. ಮೂವತ್ತೊಂದು ವರ್ಷ ಈ ಸಂಭಾಷಣೆ ಒಂದಕ್ಷರವೂ ಬದಲಾಗದೆ ನಡೆಯಿತು. ಗಂಡ ಹೆಂಡಿರ ನಡುವೆಯೂ ಇಷ್ಟು ಒಮ್ಮತ ಇರುವುದಿಲ್ಲ.

ಅವನ ಹೆಂಡತಿಗೆ ಆ ಪಟ್ಟಿಯ ಮೇಲೆ ಸವತಿಯ ಮತ್ಸರ. "ನನ್ನ ಮುಖ ನೋಡಿದ್ದಕ್ಕಿಂತ ಹೆಚ್ಚು ಆ ತಗಡು ನೋಡಿದೀರ. ಅದಕ್ಕೆ ವರ್ಷಕ್ಕೊಂದ್ಸಲ ಬಣ್ಣ ಬೇರೆ ಬಳೀತೀರ" ಎನ್ನುತ್ತಿದ್ದಳು.

"ನಿಂಗೂ ಬಳೀಲಾ?"

"ಬ್ರಶ್ಶು ಎತ್ತಿ ನೋಡಿ, ಗೊತ್ತಾಗತ್ತೆ."

ಬಣ್ಣದ ಮಾತು ನಿಜ. ಪ್ರತಿ ವರ್ಷ ಬೇಸಿಗೆಯಲ್ಲಿ ನಾಲೆ ನಿಲ್ಲಿಸಿ, ಮತ್ತೆ ನೀರು ಬಿಡುವ ಮೊದಲು, ಅವನು ತನ್ನ ಕೈಯಾರೆ ಅಂಕಿಗಳಿಗೆ ಬಣ್ಣ ಹಚ್ಚುತ್ತಿದ್ದ. ಅದಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಟೋಪಿ ತೆಗೆದಿಟ್ಟು, ನಾಲಗೆಯನ್ನು ಒಂದು ಪಕ್ಕಕ್ಕೆ ಕಚ್ಚಿಕೊಂಡು, ದೇವರ ಕಣ್ಣು ಬರೆಯುವ ಶಿಲ್ಪಿಯ ಹಾಗೆ ಬರೆಯುತ್ತಿದ್ದ. ಕಾಣುವ ಅಂಕಿಗಳಲ್ಲಿ ಎಲ್ಲಕ್ಕಿಂತ ಕೆಳಗಿನದರಿಂದ ಶುರುಮಾಡಿ ಮೇಲಕ್ಕೆ ಹೋಗುವುದು ಅವನ ಪದ್ಧತಿ. ಜಿಲ್ಲೆಯ ಯಾವ ನಾಲೆಯಲ್ಲೂ ಅಷ್ಟು ಚೊಕ್ಕ ಅಂಕಿಗಳಿಲ್ಲ ಎಂದು ಒಬ್ಬ ಇಂಜಿನಿಯರು ಜೀಪಿನಿಂದ ಇಳಿಯದೆಯೇ ಹೊಗಳಿ ಹೋಗಿದ್ದರು.

ಕೆಲಸದಲ್ಲೂ ಅವನಿಗೆ ಕೈ ಪಳಗಿತ್ತು. ಸೇರಿದ ಹೊಸದರಲ್ಲಿ ನೀರನ್ನು ನಾಲ್ಕಕ್ಕೆ ತರಲು ಗೇಟಿನ ಹಿಡಿಕೆಯನ್ನು ಮೂವತ್ತು ಸುತ್ತು ತಿರುಗಿಸಬೇಕಿತ್ತು, ರಟ್ಟೆ ಬಿದ್ದುಹೋಗುತ್ತಿತ್ತು. ವರ್ಷ ಕಳೆದಂತೆ ಇಪ್ಪತ್ತಾರು ಸಾಕಾಯಿತು, ಆಮೇಲೆ ಇಪ್ಪತ್ತೆರಡು. ಕೊನೆಕೊನೆಗೆ ಹತ್ತೊಂಬತ್ತೇ ಸುತ್ತಿಗೆ ನೀರು ನಾಲ್ಕಕ್ಕೆ ಬಂದು ಸಲಾಮು ಹೊಡೆದು ನಿಲ್ಲುತ್ತಿತ್ತು. "ಗ್ರೀಸು ಹಾಕೋದ್ರಲ್ಲಿದೆ ಮರ್ಮ. ಗೇಟು ಈಗ ನನ್ನ ಮಾತು ಕೇಳತ್ತೆ" ಎಂದು ಅವನು ಟೀ ಅಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ. ಕೇಳಿದವರು ತಲೆದೂಗುತ್ತಿದ್ದರು. ಟೀ ಅಂಗಡಿಯಲ್ಲಿ ತಲೆದೂಗಲು ವಿಶೇಷ ವಿದ್ಯೆಯೇನೂ ಬೇಕಿಲ್ಲ.

ಈ ದೊರೆಗೆ ಒಬ್ಬಳೇ ತಂಗಿ. ತಂದೆಯಿಲ್ಲದ ಅವಳ ಮದುವೆ ಮಾಡಿದವನು ಇವನೇ. ಎರಡು ಸಂಬಂಧ ಬಂದಿದ್ದವು. ಒಂದು ಪೇಟೆಯಲ್ಲಿ ಹೊಲಿಗೆ ಅಂಗಡಿ ಇದ್ದವನದು, ಇನ್ನೊಂದು ಹದಿನಾಲ್ಕನೇ ಮೈಲಿಯಲ್ಲಿ ಮೂರೆಕರೆ ಗದ್ದೆ ಇದ್ದವನದು. ಹುಡುಗಿಗೆ ದರ್ಜಿಯೇ ಮನಸ್ಸಿಗೆ ಬಂದಿದ್ದ. ಕೊನೆಯ ಊರಿಗೆ ನೀರು ಸರಿಯಾಗಿ ಬರುವುದಿಲ್ಲವಂತೆ ಎಂದು ಅವಳು ಅಳುಕಿದಾಗ ನಾಲ್ಕಡಿ ಎದೆಯ ಮೇಲೆ ಕೈಯಿಟ್ಟು ಹೇಳಿದ್ದ: "ನೀರು ಬಿಡೋನು ನಿನ್ನ ಅಣ್ಣ ಕಣಮ್ಮ. ನಿನ್ನ ಗದ್ದೆಗೆ ನೀರು ತಲುಪಿಸೋದು ನನ್ನ ಜವಾಬ್ದಾರಿ."

ಮಾತು ಕೊಟ್ಟದ್ದು ಅಷ್ಟೇ. ಅದನ್ನು ಉಳಿಸಿಕೊಳ್ಳಲು ಅವನು ಬಾಳಿಡೀ ಹಿಡಿಕೆ ತಿರುಗಿಸಿದ.

ಮದುವೆಯ ಹೊಸದರಲ್ಲಿ ಎರಡು ಮೂರು ವರ್ಷ ನೀರು ಹೋಯಿತು. ಆಮೇಲೆ ಮೊಣಕಾಲುದ್ದ ಬರುವುದು ಮೀನಖಂಡಕ್ಕೆ ಇಳಿಯಿತು, ಮೀನಖಂಡದ್ದು ಪಾದಕ್ಕೆ. ತಂಗಿ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ ಅದೇ ಮಾತು.

"ಅಣ್ಣ, ನೀರು ಬರ್ತಿಲ್ಲ."

"ನಾಲ್ಕಡಿ ಬಿಟ್ಟಿದೀನಮ್ಮ."

"ನೀನು ಬಿಟ್ಟಿದೀಯ, ಅದು ಬರ್ತಿಲ್ಲ."

"ಬಾ, ಪಟ್ಟಿ ತೋರಿಸ್ತೀನಿ."

"ಪಟ್ಟಿ ನೋಡ್ಕೊಂಡು ಪೈರು ಬೆಳಿಯತ್ತಾ?"

ಅಷ್ಟಾದರೂ ಅವಳು ಒಂದೆರಡು ಸಲ ಹೋಗಿ ನೋಡಿದಳು. ನೀರು ನಾಲ್ಕಕ್ಕೇ ನಿಂತಿತ್ತು, ಕೆಂಪು ಬಣ್ಣದ ಅಂಕಿಯ ನಡುವಿಗೆ, ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಅಣ್ಣ ಸುಳ್ಳು ಹೇಳುವವನಲ್ಲ. ಹಾಗಾದರೆ ತಲೆಯಲ್ಲಿ ನಾಲ್ಕಡಿ ಹೊರಟ ನೀರು ಬಾಲದಲ್ಲಿ ಪಾದ ನೆನೆಸುವಷ್ಟಾಗಲು ಒಂದೇ ಕಾರಣವಿರಲು ಸಾಧ್ಯ: ನಡುವೆ ಯಾರೋ ಕದಿಯುತ್ತಿದ್ದಾರೆ. ಕೊನೆಯ ಊರಿನಲ್ಲಿ ಈ ವಿಚಾರದಲ್ಲಿ ಎರಡು ಮಾತಿರಲಿಲ್ಲ. ಕಳ್ಳನ ಹೆಸರೂ ತೀರ್ಮಾನವಾಗಿತ್ತು. ಏಳನೇ ಮೈಲಿಯಲ್ಲಿ ನಾಲೆಯ ಏರಿಗೆ ಅಂಟಿಕೊಂಡಂತೆ ಒಬ್ಬನ ಗದ್ದೆಯಿತ್ತು. ಅವನ ಹತ್ತಿರ ಒಂದು ಡೀಸೆಲ್ ಪಂಪು ಇತ್ತು. ಎಲ್ಲರೂ ಅವನನ್ನು ಪಂಪು ಎಂದೇ ಕರೆಯುತ್ತಿದ್ದರು. ಹೆಸರೇ ಪಂಪು ಎಂದಿರುವಾಗ ಬೇರೆ ಸಾಕ್ಷಿ ಯಾತಕ್ಕೆ?

ಆ ವರ್ಷ ಮಳೆ ಕೈಕೊಟ್ಟು, ಇಡೀ ಬೆಳೆ ನಾಲೆಯನ್ನೇ ನಂಬಿ ನಿಂತಿತ್ತು. ತಂಗಿಯ ಗದ್ದೆಯಲ್ಲಿ ಭತ್ತ ತೆನೆ ಹಿಡಿದು, ಕಾಳಿಗೆ ಹಾಲು ತುಂಬುವ ಹೊತ್ತು. ಅದಕ್ಕೆ ಇನ್ನೊಂದೇ ಒಂದು ನೀರು ಬೇಕಿತ್ತು. ಸರದಿಯಲ್ಲಿ ಉಳಿದದ್ದು ನಾಲ್ಕು ದಿನ. ನೆಲ ಅಂಗೈಯಗಲ ಬಿರುಕು ಬಿಟ್ಟಿತ್ತು. ತಂಗಿಯ ಗಂಡ ಬೆಳಿಗ್ಗೆ ಬಸ್ಸು ಹಿಡಿದು ಮುಖ್ಯ ತೂಬಿಗೇ ಬಂದ. ಮಾತು ಕಡಿಮೆಯ ಮನುಷ್ಯ. ಸಿಟ್ಟು ಬಂದರೆ ಅದೂ ಇಲ್ಲ.

"ಭಾವ, ನಾಲ್ಕಡಿ ಬಿಟ್ಟಿರೋದು ನಿಜ ತಾನೇ?"

"ಕಣ್ಣೆದುರಿಗೇ ಇದೆಯಲ್ಲಪ್ಪ, ನೀನೇ ಓದ್ಕೋ."

ಅವನು ಬಗ್ಗಿ ಓದಿದ. ಬಹಳ ಹೊತ್ತು ನೋಡಿದ.

"ನಮ್ಮಲ್ಲಿಗೆ ಇವತ್ತು ಒಂದು ಗೇಣೂ ಬಂದಿಲ್ಲ."

ಇಲ್ಲಿ ನಾಲ್ಕಡಿ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಗೆ ಬೇರೆ ಕೊನೆಯಿರುತ್ತಿತ್ತು. ಆದರೆ ಚಕ್ರವರ್ತಿಗಳು ಬಾಯಿ ಮುಚ್ಚಿಕೊಂಡ ನಿದರ್ಶನ ಕಡಿಮೆ. ಅಳತೆಯ ಮೇಲೆ ಸಂಶಯದ ನೆರಳು ಬಿದ್ದದ್ದೇ ಅವನು ಕೆರಳಿಹೋದ.

"ಇಲ್ಲಿಂದ ನಾಲ್ಕಡಿ ಹೊರಟದ್ದು ಅಲ್ಲಿ ಗೇಣು ಬರಲ್ಲ ಅಂದ್ರೆ ಮಧ್ಯೆ ಕುಡೀತಿರೋನನ್ನ ಕೇಳು. ನನ್ನನ್ಯಾಕೆ ಕೇಳ್ತೀಯ? ಪಂಪಿನೋನ ಮನೆ ದಾರೀಲೇ ಸಿಗತ್ತೆ."

"ಕೇಳ್ತೀನಿ" ಎಂದು ಅವನು ಹೊರಟ.

ಹೋಗಿ ಕೇಳಿದ. ಹನ್ನೊಂದು ಗಂಟೆಯ ಬಿಸಿಲು. ಪಂಪು ತನ್ನ ಗದ್ದೆಯ ಬದುವಿನಲ್ಲಿ ಸಲಿಕೆಯಿಂದ ಕಳೆ ಸವರುತ್ತಿದ್ದ. ನೀರು ಕದ್ದೆಯಾ ಎಂದರೆ ಇಲ್ಲ ಎಂದ. ಪಂಪು ತೋರಿಸು ಎಂದರೆ "ಯಾಕೆ ತೋರಿಸ್ಬೇಕು, ನೀನೇನು ಇಲಾಖೆಯೋನಾ? ನಿನ್ನ ಭಾವನ್ನೇ ಬರೋಕೆ ಹೇಳು, ಟೋಪಿ ಹಾಕ್ಕೊಂಡು ಬರ್ಲಿ" ಎಂದು ನಕ್ಕ. ನಕ್ಕದ್ದು ತಪ್ಪಾಯಿತು. ಸಲಿಕೆ ಕೈ ಬದಲಾಯಿಸಿತು. ಒಂದೇ ಏಟು. ಪಂಪು ಬದುವಿನ ಆಚೆ ಬಿದ್ದು, ಮುಖ ಕೆಳಗಾಗಿ ನಾಲೆಯ ಇಳಿಜಾರಿನಲ್ಲಿ ಜಾರಿ, ಮೊಣಕಾಲುದ್ದದ ನೀರಿನಲ್ಲಿ ಸತ್ತ. ಹೊಡೆದವನು ಸಲಿಕೆಯನ್ನು ಪಕ್ಕಕ್ಕಿಟ್ಟು, ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದ. ಪೊಲೀಸರು ಬರುವವರೆಗೂ ಕೂತೇ ಇದ್ದ.

ಪೊಲೀಸರು ಸತ್ತವನ ಕೊಟ್ಟಿಗೆಯಲ್ಲಿ ಡೀಸೆಲ್ ಪಂಪನ್ನು ಹುಡುಕಿ ತೆಗೆದರು. ಅದರ ಕೊಳವೆ ಆರು ವರ್ಷದ ಹಿಂದೆಯೇ ಒಡೆದಿತ್ತು. ಯಂತ್ರದ ಹೊಟ್ಟೆಯೊಳಗೆ ಒಂದು ಕೋಳಿ ಮೂರು ಮೊಟ್ಟೆಯಿಟ್ಟು ಕಾವು ಕೂತಿತ್ತು. ಅದು ಪೊಲೀಸರ ಮೇಲೆ ಹಾರಿ ಬಂದು, ಒಬ್ಬ ಪೇದೆಯ ಕೈ ಕುಕ್ಕಿತು. ಮಹಜರಿನಲ್ಲಿ ಇದನ್ನು ಬರೆದಿಲ್ಲ.

ಹೆಣವೆತ್ತಲು ನಾಲೆ ನಿಲ್ಲಿಸಬೇಕಾಯಿತು. ತನಿಖೆ ಮುಗಿಯುವವರೆಗೂ ತೆರೆಯಬೇಡಿ ಎಂದರು, ಅಷ್ಟರಲ್ಲಿ ಸರದಿ ಮುಗಿಯಿತು. ತಂಗಿಯ ಭತ್ತ ಹಾಲುಗಾಳಿನಲ್ಲೇ ಒಣಗಿ, ಬರೀ ಜೊಳ್ಳು ನಿಂತಿತು.

ಮುಖ್ಯ ತೂಬಿನ ಬಳಿ ನಾಲೆ ಖಾಲಿಯಾಗಿತ್ತು. ಮಾಡಲು ಕೆಲಸವಿಲ್ಲದ ನಾಲ್ಕಡಿ ಮೂರನೆಯ ದಿನ ಬಣ್ಣದ ಡಬ್ಬಿ ಹಿಡಿದು ಪಟ್ಟಿಯ ಹತ್ತಿರ ಇಳಿದ. ಮನಸ್ಸು ಕೆಟ್ಟಾಗ ಕೆಲವರು ಕುಡಿಯುತ್ತಾರೆ, ಇವನು ಬಣ್ಣ ಬಳಿಯುತ್ತಿದ್ದ. ಎಂದಿನಂತೆ ಕೆಳಗಿನ ಅಂಕಿಯಿಂದ ಶುರುಮಾಡಲು ಕುಕ್ಕರಿಸಿದ. ಕೆಳಗಿನ ಅಂಕಿ ಎರಡು. ಬ್ರಶ್ಶು ಅದ್ದಿ ಎರಡರ ಕತ್ತು ಬರೆದ, ಬಾಲ ಎಳೆದ. ಕೈ ತಟ್ಟನೆ ನಿಂತಿತು.

ಎರಡಕ್ಕಿಂತ ಕೆಳಗೆ ಒಂದು ಇರಬೇಕಲ್ಲ?

ನಾಲೆಯಲ್ಲಿ ವರ್ಷಕ್ಕೆ ಮುಕ್ಕಾಲು ಬೆರಳು ಹೂಳು ಕೂರುತ್ತದೆ. ಹೂಳೆತ್ತುವ ಗುತ್ತಿಗೆದಾರ ಸಾಹೇಬರ ಜೀಪು ನಿಲ್ಲುವ ಸೇತುವೆಯ ಆಚೀಚೆ ಕೆರೆದು, ಫೋಟೋ ತೆಗೆಸಿಕೊಂಡು ಹೋಗುತ್ತಿದ್ದ. ಮೂವತ್ತೊಂದು ವರ್ಷದ ಮುಕ್ಕಾಲು ಮುಕ್ಕಾಲು ಬೆರಳು ಸೇರಿ, ಮೊದಲು ಸೊನ್ನೆ ಹೂತುಹೋಗಿತ್ತು. ಆಮೇಲೆ ಒಂದೂ ಹೋಯಿತು. ಪ್ರತಿ ವರ್ಷ ಇವನು ಅದೇ ಜಾಗದಲ್ಲಿ ಕುಕ್ಕರಿಸಿ, ಕಾಣುವ ಕೆಳಗಿನ ಅಂಕಿಯಿಂದ ನಾಲಗೆ ಕಚ್ಚಿಕೊಂಡು ಶುರುಮಾಡಿದ್ದ. ಒಂದು ಯಾವ ವರ್ಷ ಕಾಣೆಯಾಯಿತೋ ಅವನಿಗೆ ತಿಳಿಯದು. ಆ ವರ್ಷ ಎರಡಕ್ಕೆ ಬಹಳ ಚೆನ್ನಾಗಿ ಬಣ್ಣ ಹಚ್ಚಿದ್ದಿರಬೇಕು.

ಗುದ್ದಲಿ ತಂದು ಅಗೆದ. ಮಣಿಕಟ್ಟಿನವರೆಗೆ ಕೈ ಹೋಗುವಷ್ಟು ಅಗೆದ ಮೇಲೆ, ಕಪ್ಪು ಮಣ್ಣಿನಡಿ ಒಂದರ ಅಂಕಿ ಸಿಕ್ಕಿತು. ಮೇಲಿನ ಕೆಂಪು ಪದರಗಳು ಸಿಪ್ಪೆಯೆದ್ದು ಉದುರಿ, ಅಡಿಯ ನೀಲಿ ಕಾಣುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆಂಪು ಬಣ್ಣ ಸಿಗದೆ, ಕಿಟಕಿಗೆ ಬಳಿದು ಉಳಿದ ನೀಲಿಯನ್ನು ಹಚ್ಚಿದ್ದ. ಕೈ ನಡುಗಿ ಅಂಕಿಯ ತುದಿ ಸ್ವಲ್ಪ ಸೊಟ್ಟಗಾಗಿತ್ತು. ಅದೇ ಸೊಟ್ಟ. ಅವನ ಇಪ್ಪತ್ತೇಳನೇ ವಯಸ್ಸಿನ ಕೈ.

ಹೂಳಿನ ಎತ್ತರ ಅಳೆದ: ಒಂದೂವರೆ ಅಡಿ. ನಾಲ್ಕರಲ್ಲಿ ಒಂದೂವರೆ ಮಣ್ಣು. ಇಷ್ಟು ವರ್ಷ ಅವನು ಮಣ್ಣನ್ನೂ ನೀರಿನ ಲೆಕ್ಕಕ್ಕೇ ಸೇರಿಸಿ ಸಾಹೇಬರಿಗೆ ಫೋನು ಮಾಡಿದ್ದ. ಹತ್ತೊಂಬತ್ತು ಸುತ್ತಿಗೇ ನೀರು ನಾಲ್ಕಕ್ಕೆ ಏರಿದ್ದು ಗ್ರೀಸಿನಿಂದಲ್ಲ. ಯಾರೂ ಕದ್ದಿರಲಿಲ್ಲ. ಕದಿಯಲು ಅಲ್ಲಿ ನೀರೇ ಇರಲಿಲ್ಲ.

ಅವನು ನಾಲೆಯ ತಳದಲ್ಲಿ ಎಷ್ಟು ಹೊತ್ತು ಕೂತಿದ್ದನೋ, ಊಟಕ್ಕೆ ಕರೆಯಲು ಬಂದ ಹೆಂಡತಿ ಮೇಲಿನಿಂದ ಕೂಗಿದಳು.

"ಏನ್ರೀ, ಏನಾದ್ರೂ ಕಳೀತಾ?"

"ಸಿಕ್ತು ಕಣೆ."

ತಂಗಿಯ ಗಂಡನ ಪರ ವಕೀಲರದು ಜಾಣ ಯೋಜನೆ. ಹೊಡೆದದ್ದನ್ನು ಅಲ್ಲಗಳೆಯುವಂತಿಲ್ಲ, ನೋಡಿದವರು ಇಬ್ಬರಿದ್ದಾರೆ. ಆದರೆ ಸತ್ತವನು ನೀರುಗಳ್ಳ, ಎಷ್ಟೋ ವರ್ಷದಿಂದ ಇವರ ಬೆಳೆ ಒಣಗಿಸಿದವನು, ಕೇಳಲು ಹೋದರೆ ನಕ್ಕವನು ಎಂದು ತೋರಿಸಿದರೆ, ಸಿಟ್ಟಿನ ಭರದಲ್ಲಿ ಆದದ್ದು ಎಂದಾಗುತ್ತದೆ. ಮೂರು ನಾಲ್ಕು ವರ್ಷದಲ್ಲಿ ಹೊರಗೆ ಬರಬಹುದು. ಪಂಪು ಕೆಟ್ಟಿತ್ತೆಂದರೆ ಏನಾಯಿತು, ಏರಿ ಕೊರೆದು ಕೊಳವೆ ಹಾಕಿ ಕದ್ದಿರಬಹುದು. ಎಲ್ಲ ನಿಂತಿರುವುದು ಒಂದು ಸಾಕ್ಷಿಯ ಮೇಲೆ: ಮೇಲಿನಿಂದ ಪೂರ್ತಿ ನೀರು ಹೊರಟಿತ್ತು ಎಂದು ನೀರುಗಂಟಿ ಹೇಳಬೇಕು.

"ನಿಮಗೆ ಕಷ್ಟದ ಮಾತೇನಲ್ಲ. ಮೂವತ್ತೊಂದು ವರ್ಷದಿಂದ ಹೇಳ್ತಿರೋದನ್ನೇ ಇನ್ನೊಂದ್ಸಲ ಹೇಳಿ" ಎಂದರು ವಕೀಲರು.

ನಾಲ್ಕಡಿ ತಂಗಿಯ ಮನೆಗೆ ಹೋಗಿ ಹೂಳಿನ ವಿಷಯ ತಿಳಿಸಿದ. ಅವಳು ಜೊಳ್ಳು ಭತ್ತವನ್ನು ಹುಲ್ಲುಸಹಿತ ದನಕ್ಕೆಂದು ಕಟ್ಟು ಕಟ್ಟುತ್ತಿದ್ದಳು. ಪೂರ್ತಿ ಕೇಳಿದಳು, ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಯಾರ್ಯಾರಿಗೆ ಗೊತ್ತು?"

"ನಂಗೆ. ಈಗ ನಿಂಗೆ."

"ಹಾಗಿದ್ರೆ ಮುಚ್ಚಿಬಿಡು. ಅಗೆದಿರೋ ಮಣ್ಣು ಮತ್ತೆ ಎಳೆದುಬಿಡು."

"ಮುಚ್ಚಿದ್ರೆ ನಿನ್ನ ಗದ್ದೆಗೆ ನೀರು ಯಾವತ್ತೂ ಬರಲ್ಲಮ್ಮ. ಹೂಳು ಇದೆ ಅಂತ ನಾನು ಬರೆದುಕೊಟ್ರೆ ಮಾತ್ರ ಇಲಾಖೆ ಎತ್ತತ್ತೆ. ಕೋರ್ಟಲ್ಲಿ ನಾಲ್ಕು ಅಂದು ಇಲಾಖೇಲಿ ಎರಡೂವರೆ ಅನ್ನೋಕಾಗಲ್ಲ."

"ನಂಗೆ ನೀರು ಬೇಡ, ಗಂಡ ಬೇಕು."

"ಸತ್ತೋನ ಹೆಂಡ್ತಿಗೂ ಗಂಡ ಬೇಕಿತ್ತು. ಈಗ ಅವಳನ್ನ ಎಲ್ರೂ ಕಳ್ಳನ ಹೆಂಡ್ತಿ ಅಂತಿದಾರೆ."

ತಂಗಿ ಕಟ್ಟನ್ನು ಬಿಗಿದು ಗಂಟು ಹಾಕಿದಳು. "ಅಣ್ಣ, ದರ್ಜಿ ಬೇಡ ಅಂದೋನು ನೀನು. ನೀರು ನನ್ನ ಜವಾಬ್ದಾರಿ ಅಂದೋನೂ ನೀನು. ಪಂಪಿನೋನ ಮನೆ ದಾರೀಲಿ ಸಿಗತ್ತೆ ಅಂತ ಕಳಿಸ್ದೋನೂ ನೀನೇ. ಅವ್ರು ನಂಗೆಲ್ಲ ಹೇಳಿದಾರೆ. ನಿನ್ನನ್ನ ನಾನು ಏನೂ ಅಂದಿಲ್ಲ. ಒಂದೇ ಕೇಳ್ತಿರೋದು, ನಾಲ್ಕಡಿ ಅಂತ ಹೇಳು. ನಿನಗೆ ಬರೋ ಮಾತೇ ಅದೊಂದು."

ಸಾಕ್ಷಿಕಟ್ಟೆಯಲ್ಲಿ ನಿಂತಾಗ ಅವನು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. ಕೋಣೆಯಲ್ಲಿ ಫ್ಯಾನು ಕಿರುಗುಡುತ್ತಿತ್ತು. ಬಲಗಡೆಯ ಬೆಂಚಿನಲ್ಲಿ ತಂಗಿ, ಎಡಗಡೆಯ ಬೆಂಚಿನಲ್ಲಿ ಪಂಪಿನವನ ಹೆಂಡತಿ. ಕಟಕಟೆಯಲ್ಲಿ ತಂಗಿಯ ಗಂಡ, ನೆಲ ನೋಡುತ್ತಾ. ವಕೀಲರು ಗಂಟಲು ಸರಿಮಾಡಿಕೊಂಡು, ನೀರು ಕುಡಿದಷ್ಟು ಸಲೀಸಾಗಿ ಕೇಳಿದರು.

"ಆ ದಿನ ಬೆಳಿಗ್ಗೆ ಪಟ್ಟಿಯಲ್ಲಿ ನೀರಿನ ಮಟ್ಟ ಎಷ್ಟಿತ್ತು?"

"ನಾಲ್ಕಡಿ."

ವಕೀಲರು ಕೂತರು. ತಂಗಿ ಉಸಿರು ಬಿಟ್ಟಳು. ಅಲ್ಲಿಗೆ ಅವನು ಕೆಳಗಿಳಿಯಬಹುದಿತ್ತು. ಪಟ್ಟಿಯಲ್ಲಿ ನಾಲ್ಕೇ ಇತ್ತು, ಸುಳ್ಳೇನೂ ಹೇಳಿದಂತಾಗಿರಲಿಲ್ಲ. ಜವಾನ ಬಾಗಿಲ ಕಡೆ ಕೈ ತೋರಿಸಿದ. ನಾಲ್ಕಡಿ ಇಳಿಯಲಿಲ್ಲ.

"ಸ್ವಾಮಿ, ಪಟ್ಟಿ ನಾಲ್ಕು ತೋರಿಸ್ತಿತ್ತು" ಎಂದ ನ್ಯಾಯಾಧೀಶರ ಕಡೆ ತಿರುಗಿ. "ನಾಲೇಲಿ ಇದ್ದದ್ದು ಎರಡೂವರೆ. ಮಿಕ್ಕಿದ್ದು ಮಣ್ಣು. ಯಾರೂ ಕದ್ದಿಲ್ಲ. ತಪ್ಪಳತೆ ನಂದು."

ವಕೀಲರು ಎದ್ದು, ಇವರಿಗೆ ವಯಸ್ಸಾಗಿದೆ, ಗಾಬರಿಯಾಗಿದ್ದಾರೆ ಎಂದರು. ನ್ಯಾಯಾಧೀಶರು ಮುಂದೆ ಹೇಳಿ ಎಂದರು. ಅವನು ಸೊನ್ನೆ ಹೂತದ್ದನ್ನು, ಒಂದು ಹೂತದ್ದನ್ನು, ಹತ್ತೊಂಬತ್ತು ಸುತ್ತನ್ನು, ನೀಲಿ ಬಣ್ಣವನ್ನು, ಪಂಪಿನವನ ಮನೆಯ ದಾರಿ ತೋರಿಸಿದ್ದನ್ನು ಹೇಳಿದ. ಬಾಳಿನಲ್ಲಿ ಒಂದೇ ವಾಕ್ಯ ಮಾತಾಡಿ ಅಭ್ಯಾಸವಿದ್ದ ಮನುಷ್ಯ ಅಂದು ಇಪ್ಪತ್ತು ನಿಮಿಷ ಮಾತಾಡಿದ. ಎಡಗಡೆಯ ಬೆಂಚಿನ ಹೆಂಗಸು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬಲಗಡೆಯ ಬೆಂಚು ಖಾಲಿಯಾಗಿತ್ತು.

ತಂಗಿಯ ಗಂಡನಿಗೆ ಹತ್ತು ವರ್ಷ ಶಿಕ್ಷೆಯಾಯಿತು. ನಾಲ್ಕಡಿಯನ್ನು ಇಲಾಖೆ ಕೆಲಸದಿಂದ ತೆಗೆಯಿತು, ನಿವೃತ್ತಿಗೆ ಏಳು ವಾರ ಉಳಿದಿತ್ತು. ಜೀಪಿನಿಂದ ಇಳಿಯದೆ ಅಂಕಿಗಳನ್ನು ಹೊಗಳಿದ್ದ ಇಂಜಿನಿಯರಿಗೆ ಬಡ್ತಿ ಸಿಕ್ಕಿತು. ಕೋರ್ಟಿನ ಕಾಗದ ಹೋದದ್ದರಿಂದ ಬೇಸಿಗೆಯಲ್ಲಿ ಎರಡು ದೊಡ್ಡ ಯಂತ್ರಗಳು ಬಂದು, ತೂಬಿನಿಂದ ಹಿಡಿದು ಕೊನೆಯ ಊರಿನವರೆಗೆ ಹೂಳೆತ್ತಿದವು. ಎತ್ತಿದ ಮಣ್ಣು ಏರಿಯ ಮೇಲೆ ಹದಿನಾಲ್ಕು ಮೈಲಿ ಉದ್ದಕ್ಕೂ ಸತ್ತ ಎಮ್ಮೆಗಳ ಸಾಲಿನ ಹಾಗೆ ಬಿದ್ದಿತ್ತು. ಟೀ ಅಂಗಡಿಯಲ್ಲಿ ಅವನ ಹೆಸರು ಎರಡೂವರೆ ಎಂದಾಯಿತು. ಅಲ್ಲಿಗೆ ಹೋಗುವುದನ್ನು ಬಿಟ್ಟ.

ಹೊಸ ಸರದಿಯ ಮೊದಲ ನೀರು ಬಿಟ್ಟ ದಿನ ಅವನು ನೀರಿನ ಮೂತಿಯ ಜೊತೆಗೇ ಸೈಕಲ್ಲು ತುಳಿದುಕೊಂಡು ಹೊರಟ. ನೀರು ಕಸಕಡ್ಡಿ ತಳ್ಳಿಕೊಂಡು ಮನುಷ್ಯನ ನಡಿಗೆಯಲ್ಲಿ ಬರುತ್ತಿತ್ತು. ಏಳನೇ ಮೈಲಿಯಲ್ಲಿ ಇಳಿದು, ತಲೆ ತಗ್ಗಿಸಿ ಸೈಕಲ್ಲು ತಳ್ಳಿಕೊಂಡು ದಾಟಿದ. ಕೊನೆಯ ಊರು ಮುಟ್ಟುವ ಹೊತ್ತಿಗೆ ಇಳಿಬಿಸಿಲು. ತಂಗಿ ಒಬ್ಬಳೇ ಗುದ್ದಲಿ ಹಿಡಿದು ತನ್ನ ಗದ್ದೆಯ ಬಾಯಿ ಕಡಿದು ಕಾಯುತ್ತಿದ್ದಳು. ನೀರು ಬಂತು. ಬಿರುಕುಗಳಿಗೆ ಗುಳುಗುಳು ಇಳಿಯಿತು, ಬಿರುಕು ತುಂಬಿ ಮೇಲೆದ್ದಿತು, ಮೂರು ಎಕರೆಯ ಮೂಲೆಮೂಲೆಗೆ ಹಬ್ಬಿ ಬದುವಿನ ಅಂಚಿಗೆ ಬಂದಿತು. ಅಷ್ಟು ಹೊತ್ತೂ ಅವನು ಏರಿಯ ಮೇಲೆ ನಿಂತಿದ್ದ. ಅವಳು ತಲೆಯೆತ್ತಲಿಲ್ಲ.

ಕೊನೆಗೆ ಅವಳು ಗುದ್ದಲಿಯನ್ನು ಹೆಗಲಿಗೇರಿಸಿ, ಬೇರೆ ಯಾರೋ ನೀರುಗಂಟಿಗೆ ಹೇಳುವ ಹಾಗೆ ಹೇಳಿದಳು.

"ಮುಚ್ಚಿ, ಸಾಕು."

ಆ ಗದ್ದೆಯಲ್ಲಿ ನೀರಿಗೆ ಸಾಕು ಎಂದ ಮಾತು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಅಣ್ಣ ಎಂಬ ಮಾತು ಅದರ ಜೊತೆಗಿರಲಿಲ್ಲ. ಅವಳು ಹಿಂತಿರುಗಿ ನೋಡದೆ ಬದುವಿನ ಮೇಲೆ ಮನೆಯ ಕಡೆ ನಡೆದಳು. ಅವನ ಹತ್ತಿರ ಹಿಡಿಕೆಯೂ ಇರಲಿಲ್ಲ, ಗುದ್ದಲಿಯೂ ಇರಲಿಲ್ಲ. ಏರಿಯ ಮೇಲೆ ಎತ್ತಿಹಾಕಿದ್ದ ಹೂಳನ್ನೇ ಎರಡೂ ಕೈಯಲ್ಲಿ ಬಾಚಿಕೊಂಡು ಕಾಲುವೆಗಿಳಿದು, ಗದ್ದೆಯ ಬಾಯಿಗೆ ಮೆತ್ತಿ ಮುಚ್ಚಿದ.